ಹನ್ನೊಂದು ಸಾಲಿನ ಔದಾರ್ಯ

2016ರ ಮಾರ್ಚ್ 22ರಂದು ಜಗತ್ತಿನ ನಾನಾ ಮೂಲೆಗಳಲ್ಲಿ ಪ್ರೋಗ್ರಾಮರ್‌ಗಳ ಕೆಲಸ ಇದ್ದಕ್ಕಿದ್ದಂತೆ ನಿಂತುಹೋಯಿತು. ಜಾವಾಸ್ಕ್ರಿಪ್ಟ್ ಭಾಷೆಯ ಸಣ್ಣಪುಟ್ಟ ಕೋಡ್‌ಗಳನ್ನು ಒಂದೆಡೆ ಪೇರಿಸಿಟ್ಟು ಹಂಚುವ ಎನ್‌ಪಿಎಂ ಎಂಬ ಭಂಡಾರದಿಂದ ‘ಲೆಫ್ಟ್-ಪ್ಯಾಡ್’ ಹೆಸರಿನ ಪುಟ್ಟ ಫಂಕ್ಷನ್ ಮಾಯವಾಗಿತ್ತು. ಬೇರೊಂದು ಪ್ಯಾಕೇಜಿನ ಹೆಸರಿಗಾಗಿ ಎದ್ದ ತಕರಾರಿನಿಂದ ಬೇಸತ್ತ ಅದರ ಕರ್ತೃ ತನ್ನ ಕೋಡನ್ನೆಲ್ಲ ಭಂಡಾರದಿಂದ ಹಿಂತೆಗೆದುಕೊಂಡಿದ್ದ. ಬೇಬೆಲ್, ರಿಯಾಕ್ಟ್‌ನಂಥ ದೊಡ್ಡ ಯೋಜನೆಗಳು ನೇರವಾಗಿ ಅಲ್ಲದಿದ್ದರೂ ನಂಟಿನ ನಂಟಿನ ಮೂಲಕ ಆ ಫಂಕ್ಷನ್ನನ್ನೇ ನೆಚ್ಚಿಕೊಂಡಿದ್ದವು. ಕೆಲವು ಗಂಟೆಗಳ ಗದ್ದಲದ ನಂತರ ಭಂಡಾರದವರೇ ಅದನ್ನು ಮರಳಿ ತಂದು ಇಟ್ಟರು.

ಈ ಕತೆ ಹೇಳುವವರೆಲ್ಲ ಆಮೇಲೆ ಒಂದೇ ಮಾತು ಸೇರಿಸುತ್ತಾರೆ. ಹನ್ನೊಂದು ಸಾಲಿನ ಕೋಡನ್ನೂ ಸ್ವಂತವಾಗಿ ಬರೆದುಕೊಳ್ಳಲಾಗದಷ್ಟು ಈಗಿನ ಪ್ರೋಗ್ರಾಮರ್‌ಗಳು ಸೋಮಾರಿಗಳಾದರೇ ಅಂತ. ಆ ಹನ್ನೊಂದು ಸಾಲನ್ನು ಆಡಿಕೊಂಡವರಲ್ಲಿ ಎಷ್ಟು ಜನ ಅದನ್ನು ಓದಿದರೋ ಕಾಣೆ. ಓದಿದರೆ ಅದರಲ್ಲಿ ಕಂಪ್ಯೂಟರ್ ವಿಜ್ಞಾನದ ಹಳೆಯದೊಂದು ಜಗಳ ಪೂರ್ತಿ ಅಡಗಿದೆ.

ಲೆಫ್ಟ್-ಪ್ಯಾಡ್ ಮಾಡುವ ಕೆಲಸ ಇಷ್ಟೆ. ಒಂದು ಪಠ್ಯ, ಒಂದು ಉದ್ದ, ತುಂಬಲು ಒಂದು ಅಕ್ಷರ, ಈ ಮೂರನ್ನು ಕೊಟ್ಟರೆ ಪಠ್ಯವು ಅಷ್ಟು ಉದ್ದವಾಗುವ ತನಕ ಎಡಬದಿಗೆ ಆ ಅಕ್ಷರವನ್ನು ಜೋಡಿಸುತ್ತದೆ. 5 ಕೊಟ್ಟು ಮೂರು ಸ್ಥಾನ ಬೇಕು, ಸೊನ್ನೆ ತುಂಬು ಅಂದರೆ 005. ರಸೀದಿಯ ಕ್ರಮಸಂಖ್ಯೆ, ಗಡಿಯಾರದ 09:05, ಪಟ್ಟಿಯ ಕಂಬಸಾಲು, ಎಲ್ಲ ಕಡೆಯೂ ಬೇಕಾಗುವ ಸಾಮಾನು ಇದು.

ಅದರ ಮೊದಲ ಕೆಲಸ ಉದ್ದ ಅಳೆಯುವುದಲ್ಲ, ತುಂಬುವುದೂ ಅಲ್ಲ. ಬಂದದ್ದು ಏನೇ ಇರಲಿ, ಅದನ್ನು ಸ್ಟ್ರಿಂಗ್ ಆಗಿ, ಅಂದರೆ ಅಕ್ಷರಗಳ ಸಾಲಾಗಿ, ಪರಿವರ್ತಿಸಿಕೊಳ್ಳುವುದು. ಈ ಒಂದು ಸಾಲು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಹಿಂಬಾಲಿಸಿ ನೋಡಿ. ಯಾರೋ ಪಠ್ಯದ ಬದಲು 5 ಎಂಬ ಸಂಖ್ಯೆಯನ್ನೇ ಕಳಿಸುತ್ತಾರೆ. ಸಂಖ್ಯೆಗೆ ‘ಉದ್ದ’ ಎಂಬ ಗುಣವಿಲ್ಲ. ಜಾವಾಸ್ಕ್ರಿಪ್ಟ್ ದೂರು ಹೇಳುವುದಿಲ್ಲ, ‘ಅನ್‌ಡಿಫೈನ್ಡ್’ ಎಂಬ ಬೆಲೆಯನ್ನು ಕೈಗಿಡುತ್ತದೆ. ಬೇಕಾದ ಉದ್ದದಿಂದ ಅದನ್ನು ಕಳೆದರೆ ‘ಸಂಖ್ಯೆಯಲ್ಲದ್ದು’ ಎಂಬ ವಿಚಿತ್ರ ಸಂಖ್ಯೆ ಬರುತ್ತದೆ. ಅದಕ್ಕಿಂತ ಕಡಿಮೆ ಎನ್ನಬಹುದಾದ ಸಂಖ್ಯೆ ಯಾವುದೂ ಇಲ್ಲವಾದ್ದರಿಂದ ತುಂಬುವ ಸುತ್ತು ಒಮ್ಮೆಯೂ ಓಡುವುದಿಲ್ಲ. 5 ಹೋದ ಹಾಗೇ 5 ಆಗಿ ಹೊರಬರುತ್ತದೆ. ಎಲ್ಲೂ ತಪ್ಪಿನ ಸೂಚನೆಯಿಲ್ಲ. ಸಮಯ 9:5 ಎಂದು ತೋರಿದಾಗ ಗ್ರಾಹಕನೇ ಫೋನ್ ಮಾಡಿ ಹೇಳಬೇಕು.

ಎರಡನೆಯ ಸ್ವಾರಸ್ಯದ ಸಾಲು ತುಂಬುವ ಅಕ್ಷರದ್ದು. ಅದನ್ನು ಕೊಡದಿದ್ದರೆ ಖಾಲಿ ಜಾಗ ತುಂಬು ಎಂಬುದು ಆಶಯ. ಆದರೆ ಜಾವಾಸ್ಕ್ರಿಪ್ಟಿನಲ್ಲಿ ‘ಕೊಟ್ಟಿದ್ದಾರೋ ಇಲ್ಲವೋ’ ಎಂದು ಸುಲಭದ ದಾರಿಯಲ್ಲಿ ಕೇಳಿದರೆ 0 ಎಂಬ ಸಂಖ್ಯೆಯೂ ‘ಇಲ್ಲ’ದ ಗುಂಪಿಗೇ ಸೇರುತ್ತದೆ. ಎಡಕ್ಕೆ ತುಂಬಲು ಜನ ಅತಿ ಹೆಚ್ಚು ಬಳಸುವುದು ಸೊನ್ನೆಯನ್ನೇ! ಹಾಗಾಗಿ ಆ ಸಾಲಿನಲ್ಲಿ ಒಂದು ಬಾಲವಿದೆ: ಇಲ್ಲವೆಂದು ಕಂಡರೂ ಅದು ನಿಜಕ್ಕೂ ಸೊನ್ನೆಯೇ ಆಗಿದ್ದರೆ ಬಿಟ್ಟುಬಿಡು. ಹನ್ನೊಂದು ಸಾಲಿನಲ್ಲಿ ಎರಡು ಸಾಲು ‘ನನಗೆ ಬಂದಿರುವುದು ಏನು’ ಎಂದು ತಿಳಿಯಲಿಕ್ಕೇ ಖರ್ಚಾಗಿದೆ. ಬಳಕೆಯ ಸ್ಟ್ರಿಂಗ್ ಫಂಕ್ಷನ್‌ಗಳನ್ನು ಬಿಚ್ಚಿ ನೋಡಿದರೆ ಮತ್ತೆ ಮತ್ತೆ ಇದೇ ಸಿಗುತ್ತದೆ. ಕೆಲಸ ಅಂಗೈಯಷ್ಟು, ಆದರೂ ಬಾಗಿಲಲ್ಲಿ ತಪಾಸಣೆ.

ಬಂದದ್ದನ್ನೆಲ್ಲ ಪಠ್ಯವೆಂದು ಒಪ್ಪಿಕೊಳ್ಳುವ ಈ ಔದಾರ್ಯಕ್ಕೆ ಒಂದು ಬೆಲೆಯೂ ಇದೆ. ‘ಏನೂ ಇಲ್ಲ’ ಎಂಬುದನ್ನು ಸೂಚಿಸುವ ‘ನಲ್’ ಎಂಬ ಬೆಲೆಯನ್ನು ಲೆಫ್ಟ್-ಪ್ಯಾಡ್‌ಗೆ ಕೊಟ್ಟರೆ ಅದನ್ನೂ ಪಠ್ಯವಾಗಿಸಿ, ಇಂಗ್ಲಿಷಿನ ನಾಲ್ಕು ಅಕ್ಷರಗಳ ಪದವಾಗಿ ಮುದ್ರಿಸುತ್ತದೆ, ಎಡಕ್ಕೆ ಅಂದವಾಗಿ ಸೊನ್ನೆಯನ್ನೂ ಜೋಡಿಸುತ್ತದೆ. ‘ಪ್ರಿಯ ನಲ್ ಅವರೇ’ ಎಂದು ಶುರುವಾಗುವ ಇಮೇಲ್‌ಗಳು ಹುಟ್ಟುವುದು ಈ ಜಾತಿಯ ಉದಾರ ಪರಿವರ್ತನೆಯಿಂದಲೇ. ಜಾವಾ ಭಾಷೆಯಲ್ಲೂ ಪಠ್ಯದ ಜೊತೆ ನಲ್ಲನ್ನು ಕೂಡಿಸಿದರೆ ಅದೇ ನಾಲ್ಕು ಅಕ್ಷರ ಅಂಟಿಕೊಳ್ಳುತ್ತವೆ.

ಅದೇ ಜಾವಾ ಲೋಕದಲ್ಲಿ ಅಪಾಚಿ ಕಾಮನ್ಸ್ ಎಂಬ ಹೆಸರಾಂತ ಲೈಬ್ರರಿಯಿದೆ. ಎಡಕ್ಕೆ ತುಂಬುವ ಫಂಕ್ಷನ್ ಅದರಲ್ಲೂ ಉಂಟು. ಅದಕ್ಕೆ ನಲ್ ಕೊಟ್ಟರೆ ನಲ್ಲನ್ನೇ ಹಿಂತಿರುಗಿಸುತ್ತದೆ. ಇಲ್ಲದ್ದು ಇಲ್ಲದ್ದಾಗಿಯೇ ದಾಟಿಹೋಗುತ್ತದೆ. ಜಾವಾಸ್ಕ್ರಿಪ್ಟ್ 2017ರಲ್ಲಿ ಈ ಕೆಲಸವನ್ನು ಭಾಷೆಯೊಳಕ್ಕೇ ಸೇರಿಸಿಕೊಂಡಿತು. ಆ ಅಧಿಕೃತ ಆವೃತ್ತಿಯನ್ನು ನಲ್ ಮೇಲೆ ಕರೆದರೆ ಪ್ರೋಗ್ರಾಮ್ ಅಲ್ಲೇ ತಪ್ಪು ಎಂದು ಕೂಗಿ ನಿಲ್ಲುತ್ತದೆ, ಆದರೆ ತುಂಬಲು ಸೊನ್ನೆ ಎಂಬ ಸಂಖ್ಯೆ ಕೊಟ್ಟರೆ ತಕರಾರಿಲ್ಲದೆ ಒಪ್ಪುತ್ತದೆ. ಪೈಥಾನ್ ಮತ್ತು ರೂಬಿ ಭಾಷೆಗಳು ಅದನ್ನೂ ಒಪ್ಪುವುದಿಲ್ಲ. ತುಂಬುವ ಅಕ್ಷರ ಅಕ್ಷರವೇ ಆಗಿರಬೇಕು, ಸಂಖ್ಯೆ ಕೊಟ್ಟರೆ ಟೈಪ್ ದೋಷ. ಕೆಲಸ ಒಂದೇ. ‘ನನಗೆ ಬಂದಿರುವುದು ಪಠ್ಯವೇ’ ಎಂಬ ಪ್ರಶ್ನೆಗೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ.

ಔದಾರ್ಯದ ಪರವಾಗಿ ಎತ್ತುವ ವಾದಕ್ಕೆ ಗೌರವದ ಇತಿಹಾಸವಿದೆ. ಇಂಟರ್‌ನೆಟ್ಟಿನ ಆದಿಕಾಲದ ಶಿಲ್ಪಿಗಳಲ್ಲೊಬ್ಬರಾದ ಜಾನ್ ಪೋಸ್ಟೆಲ್ 1980ರಲ್ಲಿ ಒಂದು ನಿಯಮಾವಳಿ ಬರೆಯುತ್ತ, ನೀವು ಕಳಿಸುವುದು ಕಟ್ಟುನಿಟ್ಟಾಗಿರಲಿ, ಇತರರಿಂದ ಪಡೆಯುವಾಗ ಉದಾರವಾಗಿರಿ ಎಂಬ ಅರ್ಥದ ಸಲಹೆ ಕೊಟ್ಟರು. ಬೇರೆ ಬೇರೆ ಕಡೆ, ಬೇರೆ ಬೇರೆ ಜನ ಕಟ್ಟಿದ ಯಂತ್ರಗಳು ಒಂದಕ್ಕೊಂದು ಮಾತಾಡಬೇಕಿದ್ದ ಆ ದಿನಗಳಲ್ಲಿ ಅದು ಬೇಕಾಗಿತ್ತು. ಆದರೆ ತಪ್ಪನ್ನು ಒಪ್ಪಿಕೊಂಡರೆ ಕಳಿಸುವವನಿಗೆ ಅದು ತಪ್ಪೆಂದು ತಿಳಿಯುವುದೇ ಇಲ್ಲ. ಕೆಲವು ವರ್ಷ ಕಳೆದರೆ ಆ ತಪ್ಪೇ ರೂಢಿಯಾಗಿ, ಹೊಸಬರೂ ಅದನ್ನು ಒಪ್ಪಲೇಬೇಕಾಗುತ್ತದೆ. 2023ರಲ್ಲಿ ಅದೇ ಇಂಟರ್‌ನೆಟ್ ನಿಯಮಾವಳಿಯ ಸಾಲಿನಲ್ಲಿ ಪ್ರಕಟವಾದ 9413ನೇ ಕ್ರಮಾಂಕದ ದಾಖಲೆ ಹೆಚ್ಚುಕಡಿಮೆ ಇದೇ ದೂರನ್ನು ವಿಸ್ತಾರವಾಗಿ ಹೇಳಿತು. ನನ್ನ ಮಟ್ಟಿಗೆ ಹೇಳುವುದಾದರೆ, ಉದಾರವೋ ಬಿಗಿಯೋ ಎಂಬ ಪ್ರಶ್ನೆಯೇ ಮೊಂಡು. ಯಾವುದಕ್ಕೆ ಉದಾರ ಎಂದು ಕೇಳಬೇಕು. ಅದಕ್ಕೆ ಮೊದಲು ಟೈಪ್ ಅಂದರೇನು ಎಂದು ಸ್ವಲ್ಪ ಕೆಳಗಿಳಿದು ನೋಡೋಣ.

ಕಂಪ್ಯೂಟರಿನ ನೆನಪಿನಲ್ಲಿರುವುದು ಬೈಟ್‌ಗಳು ಮಾತ್ರ. ಒಂದು ಬೈಟ್‌ನಲ್ಲಿ 65 ಇದ್ದರೆ ಅದು ಸಂಖ್ಯೆ 65 ಇರಬಹುದು, ಇಂಗ್ಲಿಷಿನ ದೊಡ್ಡ ‘ಎ’ ಇರಬಹುದು, ಬೂದು ಬಣ್ಣದ ಒಂದು ಛಾಯೆಯೂ ಇರಬಹುದು. 224, 178, 149 ಎಂಬ ಮೂರು ಬೈಟ್‌ಗಳು ಸಾಲಾಗಿ ಕೂತರೆ ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದ ಪ್ರಕಾರ ಅದು ‘ಕ’. ಅದು ಸಂಖ್ಯೆಯೋ ಅಕ್ಷರವೋ ಎಂಬ ಗುರುತೇ ಟೈಪ್, ಅದನ್ನು ಬೈಟ್‌ಗಳ ಮೈಮೇಲೆ ಬರೆದಿಲ್ಲ. ಅದನ್ನು ನೆನಪಿಟ್ಟುಕೊಳ್ಳುವ ಹೊಣೆ ಪ್ರೋಗ್ರಾಮ್ ಬರೆದವನದು, ಇಲ್ಲವೇ ಭಾಷೆಯದು.

1970ರ ದಶಕದ ಆದಿಯಲ್ಲಿ ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಸಿ ಭಾಷೆ ಆ ಹೊಣೆಯನ್ನು ಬಹುಪಾಲು ಪ್ರೋಗ್ರಾಮರ್‌ಗೇ ಬಿಟ್ಟಿತು. ಅದರಲ್ಲಿ ಸ್ಟ್ರಿಂಗ್ ಅಂದರೆ ಒಂದು ವಿಳಾಸ, ಅಲ್ಲಿಂದ ಸೊನ್ನೆ ಬೈಟ್ ಸಿಗುವ ತನಕ ಓದುತ್ತ ಹೋಗುವುದು, ಅಷ್ಟೆ. ‘ಇದು ಅಕ್ಷರವೇ’ ಎಂದು ಹೇಳುವ ಪುಟ್ಟ ಫಂಕ್ಷನ್ ಒಂದಿದೆ. ಬಹಳಷ್ಟು ಲೈಬ್ರರಿಗಳಲ್ಲಿ ಅದು ಕೋಷ್ಟಕವೊಂದರಲ್ಲಿ ಕೊಟ್ಟ ಸಂಖ್ಯೆಯ ಮನೆಯನ್ನು ನೋಡಿ ಉತ್ತರಿಸುತ್ತದೆ. ಇಂಗ್ಲಿಷ್ ಅಕ್ಷರಗಳೆಲ್ಲ 127ರ ಒಳಗಿರುವ ತನಕ ತೊಂದರೆಯಿಲ್ಲ. ನಮ್ಮ ‘ಕ’ದ ಮೊದಲ ಬೈಟ್ 224. ಅನೇಕ ಯಂತ್ರಗಳಲ್ಲಿ ಸಿ ಭಾಷೆಯ ಅಕ್ಷರ ಟೈಪು ಋಣ ಸಂಖ್ಯೆಗಳನ್ನೂ ಹಿಡಿಯುವಂಥದ್ದು. ಆಗ 224 ಎಂಬುದು −32 ಆಗಿಬಿಡುತ್ತದೆ. ಕೋಷ್ಟಕದ ಆರಂಭಕ್ಕಿಂತ ಮೂವತ್ತೆರಡು ಮನೆ ಹಿಂದೆ ಏನಿದೆಯೋ ಅದನ್ನು ಓದಬೇಕಾಗುತ್ತದೆ. ಏನಾದರೂ ಆಗಬಹುದು ಎನ್ನುತ್ತದೆ ಭಾಷೆಯ ಮಾನಕ.

ಇಲ್ಲೂ ಎರಡು ಮನೋಧರ್ಮ ಕಾಣುತ್ತದೆ. ಗ್ನೂ ಸಿ ಲೈಬ್ರರಿಯವರು ಜನ ಈ ತಪ್ಪು ಮಾಡಿಯೇ ಮಾಡುತ್ತಾರೆಂದು ಬಲ್ಲವರು. ಕೋಷ್ಟಕವನ್ನು −128ರ ತನಕ ಹಿಂದಕ್ಕೆ ಚಾಚಿ, ಬಿದ್ದರೂ ಗಾಯವಾಗದಂತೆ ಮಾಡಿಟ್ಟರು. ಮೈಕ್ರೋಸಾಫ್ಟಿನ ಸಿ ಲೈಬ್ರರಿಯ ಪರೀಕ್ಷಾ ಆವೃತ್ತಿಯಾದರೋ ಋಣ ಸಂಖ್ಯೆ ಕಂಡ ಕೂಡಲೇ ಪ್ರೋಗ್ರಾಮನ್ನು ನಿಲ್ಲಿಸಿ ಬಯ್ಯುತ್ತದೆ. ಮೊದಲನೆಯದರಲ್ಲಿ ಬೆಳೆದ ಪ್ರೋಗ್ರಾಮರ್‌ಗೆ ತನ್ನ ತಪ್ಪು ಕಾಣುವುದು ಎರಡನೆಯದಕ್ಕೆ ಬಂದ ದಿನ.

ಇದೆಲ್ಲವನ್ನೂ ಓಡಿಸುವ ಮೊದಲೇ ಪರೀಕ್ಷಿಸಿಬಿಡಬಹುದು ಎಂಬ ದಾರಿಯನ್ನು ಗಣಿತದ ನೆಲೆಯಲ್ಲಿ ಗಟ್ಟಿ ಮಾಡಿದವರು ರಾಬಿನ್ ಮಿಲ್ನರ್. ಟೈಪುಗಳನ್ನು ಪ್ರೋಗ್ರಾಮರ್ ಬರೆಯದಿದ್ದರೂ ಭಾಷೆಯೇ ಕಂಡುಹಿಡಿದುಕೊಳ್ಳಬಲ್ಲದು, ಪರೀಕ್ಷೆ ದಾಟಿದ ಪ್ರೋಗ್ರಾಮು ಓಡುವಾಗ ಒಂದು ವರ್ಗದ ತಪ್ಪುಗಳನ್ನು ಮಾಡಲಾರದು ಎಂದು 1978ರ ಅವರ ಪ್ರಬಂಧ ತೋರಿಸಿಕೊಟ್ಟಿತು. 1991ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂದದ್ದರ ಹಿಂದೆ ಈ ಕೆಲಸವೂ ಇತ್ತು. ಆದರೆ ಜಾಲತಾಣಗಳ ಯುಗ ಓಡಿದ್ದು ಬೇರೆ ದಾರಿಯಲ್ಲಿ.

ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತು ದಿನದಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಕಟ್ಟಿದ್ದು ಈಗ ದಂತಕತೆ. ಪುಟ ತೆರೆದವನ ಮುಂದೆ ದೋಷಸಂದೇಶ ಚೆಲ್ಲಬಾರದು, ಹೇಗೋ ಏನೋ ಕೆಲಸ ನಡೆದುಹೋಗಬೇಕು ಎಂಬ ಗುಣ ಆ ಭಾಷೆಯಲ್ಲಿ ಉಳಿದುಕೊಂಡಿದೆ. ಅದರಲ್ಲಿ "5" ಎಂಬ ಪಠ್ಯಕ್ಕೆ 3 ಎಂಬ ಸಂಖ್ಯೆಯನ್ನು ಕೂಡಿಸಿದರೆ "53". ಅದೇ ಪಠ್ಯದಿಂದ 3 ಕಳೆದರೆ 2. ಕೂಡುವ ಚಿಹ್ನೆ ಪಠ್ಯಗಳನ್ನು ಜೋಡಿಸುವ ಕೆಲಸವನ್ನೂ ಮಾಡುತ್ತದೆ, ಕಳೆಯುವ ಚಿಹ್ನೆಗೆ ಆ ಎರಡನೇ ಉದ್ಯೋಗವಿಲ್ಲ. ವ್ಯತ್ಯಾಸ ಹುಟ್ಟಿದ್ದು ಅಲ್ಲಿ.

ಇಂಥ ಭಾಷೆಯಲ್ಲಿ ‘ಇದು ಸ್ಟ್ರಿಂಗೇ?’ ಎಂದು ಕೇಳುವುದೇ ಒಂದು ವಿದ್ಯೆ. ಟೈಪ್‌ಆಫ್ ಎಂಬ ಸವಲತ್ತು ಇದೆ. ಮಾಮೂಲಿ ಪಠ್ಯಕ್ಕೆ ಅದು ಸರಿಯಾಗಿ ‘ಸ್ಟ್ರಿಂಗ್’ ಎನ್ನುತ್ತದೆ. ಆದರೆ ಅದೇ ಪಠ್ಯವನ್ನು ವಸ್ತುವಿನ ರೂಪದಲ್ಲಿ ಸುತ್ತಿಟ್ಟರೆ ‘ಆಬ್ಜೆಕ್ಟ್’ ಎನ್ನುತ್ತದೆ. ಸರಿ, ಇದು ಯಾರ ಸಂತತಿ ಎಂದು ಕೇಳೋಣವೆಂದರೆ, ಒಂದು ಪುಟದೊಳಗೆ ಇನ್ನೊಂದು ಪುಟ ಕೂರಿಸಿದ್ದಾಗ ಒಳಪುಟದಲ್ಲಿ ಹುಟ್ಟಿದ ವಸ್ತುವನ್ನು ಹೊರಪುಟ ತನ್ನ ಸಂತತಿ ಎಂದು ಒಪ್ಪುವುದಿಲ್ಲ, ಏಕೆಂದರೆ ಪುಟಕ್ಕೊಂದು ಪ್ರತ್ಯೇಕ ಮೂಲವಂಶವಿದೆ. ಕೊನೆಗೆ ವಸ್ತುವಿನ ಆಂತರಿಕ ಹಣೆಪಟ್ಟಿಯನ್ನು ಸುತ್ತುಬಳಸಿ ಓದುವ ಒಂದು ಉಪಾಯ ರೂಢಿಗೆ ಬಂತು. ಲೋಡ್ಯಾಶ್‌ನಂಥ ಲೈಬ್ರರಿಗಳಲ್ಲಿ ‘ಇದು ಸ್ಟ್ರಿಂಗೇ’ ಎಂಬ ಪ್ರಶ್ನೆಗಾಗಿಯೇ ಒಂದು ಫಂಕ್ಷನ್ ಇರುವುದು ಈ ಕಾರಣಕ್ಕೆ.

ಉದಾರತೆಗೆ ಎಲ್ಲೆ ಗೆರೆ ಎಳೆದ ಹಳೆಯ ಮಾದರಿಯೊಂದು ಲಿಸ್ಪ್ ಭಾಷೆಯಲ್ಲಿದೆ. 1984ರಲ್ಲಿ ಗೈ ಸ್ಟೀಲ್ ಪುಸ್ತಕರೂಪದಲ್ಲಿ ವಿವರಿಸಿದ, 1994ರಲ್ಲಿ ಅಮೆರಿಕದ ಮಾನಕವಾದ ಕಾಮನ್ ಲಿಸ್ಪ್‌ನಲ್ಲಿ ಎರಡು ಸ್ಟ್ರಿಂಗ್ ಒಂದೇ ಎಂದು ಹೋಲಿಸುವ, ದೊಡ್ಡಕ್ಷರಕ್ಕೆ ಬದಲಿಸುವ ಫಂಕ್ಷನ್‌ಗಳು ‘ಸ್ಟ್ರಿಂಗ್ ಸೂಚಕ’ಗಳನ್ನು ಪಡೆಯುತ್ತವೆ. ಸ್ಟ್ರಿಂಗ್ ಸರಿ, ಒಂಟಿ ಅಕ್ಷರವೂ ಸರಿ, ಹೆಸರುಳ್ಳ ಸಂಕೇತವೂ ಸರಿ (ಅದರ ಹೆಸರನ್ನು ಪಠ್ಯವೆಂದು ತೆಗೆದುಕೊಳ್ಳುತ್ತದೆ), ಆದರೆ ಸಂಖ್ಯೆ ಕೊಟ್ಟರೆ ಮಾತ್ರ ದೋಷ. ಯಾವ ಮೂರಕ್ಕೆ ಪ್ರವೇಶ ಎಂದು ಮಾನಕದಲ್ಲೇ ಬರೆದಿಟ್ಟಿದ್ದಾರೆ. ಈ ಕ್ರಮ ನನಗೆ ತುಂಬ ಇಷ್ಟ. ಮೂರಕ್ಕೂ ಪಠ್ಯದ ಜೊತೆ ನಿಜವಾದ ನಂಟಿದೆ.

ಆದರೂ ಅಲ್ಲೊಂದು ಕಲ್ಲು ಉಳಿದುಬಿಟ್ಟಿದೆ. ಲಿಸ್ಪ್‌ನಲ್ಲಿ ‘ಇಲ್ಲ’, ‘ಸುಳ್ಳು’, ‘ಖಾಲಿ ಪಟ್ಟಿ’ ಎಲ್ಲಕ್ಕೂ ‘ನಿಲ್’ ಒಂದೇ. ಆ ನಿಲ್ ಕೂಡ ಒಂದು ಸಂಕೇತ, ಅದಕ್ಕೂ ಹೆಸರಿದೆ! ಹಾಗಾಗಿ ‘ಏನೂ ಇಲ್ಲ’ ಎಂಬುದನ್ನೂ ಮೂರು ದೊಡ್ಡಕ್ಷರದ ‘ನಿಲ್’ ಎಂಬ ಪದವನ್ನೂ ಹೋಲಿಸಿದರೆ ಎರಡೂ ಒಂದೇ ಎಂದು ಉತ್ತರ ಬರುತ್ತದೆ. ಈಮ್ಯಾಕ್ಸ್ ಸಂಪಾದಕದ ಲಿಸ್ಪ್‌ನಲ್ಲೂ ಹೀಗೇ, ಅಲ್ಲಿ ಸಣ್ಣಕ್ಷರಗಳಲ್ಲಿ. ಅಂಕಿಅಂಶ ತಜ್ಞರ ಆರ್ ಭಾಷೆಯಲ್ಲಿ ‘ಮಾಹಿತಿ ಲಭ್ಯವಿಲ್ಲ’ ಎಂಬುದಕ್ಕೆ ‘ಎನ್‌ಎ’ ಎಂಬ ವಿಶೇಷ ಬೆಲೆಯಿದೆ. ಬರಿಯ ಎನ್‌ಎಯಲ್ಲಿ ಎಷ್ಟು ಅಕ್ಷರವಿದೆ ಎಂದು ಆ ಭಾಷೆಯ ಎಣಿಕೆಯ ಫಂಕ್ಷನ್ನನ್ನು ಕೇಳಿದರೆ ಎರಡು ಎನ್ನುತ್ತದೆ. ಲಭ್ಯವಿಲ್ಲದ ಮಾಹಿತಿಯ ಉದ್ದ ಎರಡು!

ಈ ಗೋಜಲನ್ನು ಚೆನ್ನಾಗಿ ಬಿಡಿಸಿದ್ದು ಜಪಾನಿನ ಯುಕಿಹಿರೊ ಮಾತ್ಸುಮೊಟೊ ಸೃಷ್ಟಿಸಿದ ರೂಬಿ ಭಾಷೆ. ಅದರಲ್ಲಿ ವಸ್ತುವೊಂದು ಪಠ್ಯವಾಗಲು ಎರಡು ಬಾಗಿಲುಗಳಿವೆ. ‘ಟು-ಎಸ್’ ಎಂಬುದು ಎಲ್ಲಕ್ಕೂ ಇದೆ. ಸಂಖ್ಯೆ, ಪಟ್ಟಿ, ನಿಲ್, ಏನನ್ನು ಕೇಳಿದರೂ ತನ್ನನ್ನು ಪಠ್ಯದಲ್ಲಿ ತೋರಿಸಿಕೊಳ್ಳುತ್ತದೆ. ‘ಟು-ಎಸ್‌ಟಿಆರ್’ ಎಂಬುದು ‘ನಾನು ಸ್ಟ್ರಿಂಗ್ ಅಲ್ಲದಿದ್ದರೂ ಸ್ಟ್ರಿಂಗ್ ಎಂದೇ ನಡೆಸಿಕೊಳ್ಳಿ’ ಎನ್ನುವ ವಸ್ತುಗಳಿಗೆ ಮಾತ್ರ. ಒಳಗಿನ ಸ್ಟ್ರಿಂಗ್ ಫಂಕ್ಷನ್‌ಗಳು ತಾವಾಗಿ ತಟ್ಟುವುದು ಈ ಎರಡನೇ ಬಾಗಿಲನ್ನು. ಸಂಖ್ಯೆಗೆ ಆ ಬಾಗಿಲಿಲ್ಲ, ಆದ್ದರಿಂದ ಪಠ್ಯಕ್ಕೆ ಸಂಖ್ಯೆ ಕೂಡಿಸಿದರೆ ದೋಷ. ಹಿಟ್ಟಿನ ಗಿರಣಿಯವನು ರಾಗಿ, ಜೋಳ, ಗೋಧಿ ಏನು ತಂದರೂ ಬೀಸಿಕೊಡುತ್ತಾನೆ. ಕಾಳಿನ ಜೊತೆ ಕಲ್ಲು ಬಂದರೆ ಅದೂ ಪುಡಿಯಾಗುತ್ತದೆ, ಆದರೆ ಪುಡಿಯಾಯಿತೆಂದು ಅದು ಧಾನ್ಯವಾಗುವುದಿಲ್ಲ. ಮುದ್ರಿಸಬಹುದಾದದ್ದೆಲ್ಲ ಪಠ್ಯವಲ್ಲ. ಲೆಫ್ಟ್-ಪ್ಯಾಡ್ ಮರೆತದ್ದು ಇದನ್ನು. ಅದು ತಟ್ಟಿದ್ದು ಮೊದಲ ಬಾಗಿಲನ್ನು.

ಪೈಥಾನ್ ಬಳಗಕ್ಕೂ 2016ರಲ್ಲೇ ಈ ಪ್ರಶ್ನೆ ಎದುರಾಯಿತು. ಕಡತದ ದಾರಿಯನ್ನು ಅದುವರೆಗೆ ಬರೀ ಸ್ಟ್ರಿಂಗ್ ಆಗಿ ಬರೆಯುತ್ತಿದ್ದರು. ಈಗ ದಾರಿಗೆಂದೇ ಪ್ರತ್ಯೇಕ ಟೈಪು ಬಂದಿತ್ತು. ಕಡತ ತೆರೆಯುವ ಫಂಕ್ಷನ್‌ಗಳು ಎರಡನ್ನೂ ಒಪ್ಪಬೇಕು. ಬಂದದ್ದನ್ನೆಲ್ಲ ಸ್ಟ್ರಿಂಗ್ ಮಾಡಿಕೊಂಡರೆ ಸಾಕಲ್ಲ ಎನಿಸುತ್ತದೆ. ಆದರೆ ಪೈಥಾನಿನಲ್ಲಿ ಸ್ಟ್ರಿಂಗ್ ಆಗದ ವಸ್ತುವೇ ಅಪರೂಪ. ದಾರಿಯ ಬದಲು ಅಕಸ್ಮಾತ್ ‘ನನ್’ ಎಂಬ ಶೂನ್ಯ ಬೆಲೆ ಬಂದರೆ ಡಿಸ್ಕಿನ ಮೇಲೆ ‘ನನ್’ ಎಂಬ ಹೆಸರಿನ ಕಡತವೊಂದು ನಿಜವಾಗಿ ಹುಟ್ಟಿಬಿಡುತ್ತದೆ, ಯಾರಿಗೂ ಗೊತ್ತಾಗದೆ. ಕೊನೆಗೆ ‘ನಾನು ಕಡತದ ದಾರಿ’ ಎಂದು ವಸ್ತು ಸ್ವತಃ ಸಾರುವ ಹೊಸ ಗುರುತೊಂದನ್ನು ಭಾಷೆಗೆ ಸೇರಿಸಿದರು. ಸ್ಟ್ರಿಂಗ್, ಬೈಟ್, ಆ ಗುರುತುಳ್ಳ ವಸ್ತು, ಇವಿಷ್ಟಕ್ಕೆ ಪ್ರವೇಶ.

ಇಲ್ಲಿಯ ತನಕ ಬೇರೆಯದು ಪಠ್ಯವಾಗುವ ಕತೆ ಆಯಿತು. ಪಠ್ಯವನ್ನು ನೋಡಿ ‘ಇದು ಬೇರೇನೋ ಇರಬೇಕು’ ಎಂದು ಯಂತ್ರ ಊಹಿಸುವ ಕತೆ ಇನ್ನೂ ದುಬಾರಿ. ಮನುಷ್ಯನ ಜೀನ್‌ಗಳಲ್ಲಿ ಕೆಲವಕ್ಕೆ ಸೆಪ್ಟ್2, ಮಾರ್ಚ್1 ಎಂಬಂಥ ಸಂಕ್ಷಿಪ್ತ ಹೆಸರುಗಳಿದ್ದವು. ಎಕ್ಸೆಲ್ ಹಾಳೆಯಲ್ಲಿ ಅವನ್ನು ತುಂಬಿದರೆ ಅದು ಸೆಪ್ಟೆಂಬರ್ 2, ಮಾರ್ಚ್ 1 ಎಂಬ ತಾರೀಕು ಮಾಡಿಬಿಡುತ್ತಿತ್ತು. ತಾರೀಕು ಮಾಡಿದ ಮೇಲೆ ಒಳಗೆ ಉಳಿಯುವುದು ಒಂದು ದಿನಸಂಖ್ಯೆ, ಮೂಲ ಹೆಸರು ಅಳಿದುಹೋಗಿರುತ್ತದೆ. 2004ರಲ್ಲೇ ಜೀವವಿಜ್ಞಾನಿಗಳು ಇದನ್ನು ವರದಿ ಮಾಡಿದ್ದರು. 2016ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಪ್ರಕಟಿತ ಪ್ರಬಂಧಗಳ ಜೊತೆಗಿನ ಹಾಳೆಗಳನ್ನು ಜಾಲಾಡಿದಾಗ, ಜೀನ್ ಪಟ್ಟಿಯಿರುವ ಎಕ್ಸೆಲ್ ಕಡತ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಹೆಸರು ಕೆಟ್ಟಿತ್ತು. ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ ಸೋತು ಹೆಸರುಗಳನ್ನೇ ಬದಲಿಸಿತು. ಮಾರ್ಚ್1 ಹೋಗಿ ಮಾರ್ಚ್ಎಫ್1 ಆಯಿತು, ಸೆಪ್ಟ್ ಹೋಗಿ ಸೆಪ್ಟಿನ್. ಲೆಕ್ಕದ ಹಾಳೆಯ ಊಹೆಗೆ ಹೆದರಿ ವಿಜ್ಞಾನ ತನ್ನ ಪರಿಭಾಷೆಯನ್ನು ತಿದ್ದಿಕೊಂಡಿದೆ! ಈ ತಾನಾಗಿ ಬದಲಿಸುವ ಚಾಳಿಯನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಕೊಟ್ಟದ್ದು 2023ರಲ್ಲಿ.

ಇಂಥವಕ್ಕೆ ಕೊರತೆಯಿಲ್ಲ. ಸಂಯೋಜನೆಯ ಕಡತ ಬರೆಯಲು ಬಳಸುವ ಯಾಮೆಲ್ ಎಂಬ ಲಿಪಿಕ್ರಮದ ಹಳೆಯ ಆವೃತ್ತಿಯಲ್ಲಿ ನಾರ್ವೆ ದೇಶದ ಎರಡಕ್ಷರದ ಸಂಕೇತವನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಇಂಗ್ಲಿಷಿನ ‘ನೋ’ ಎಂದು ತಿಳಿದು ಅದನ್ನು ‘ಸುಳ್ಳು’ ಎಂಬ ಬೆಲೆಯಾಗಿ ಓದುತ್ತದೆ. ಪೈಥಾನಿನ ಪಾಂಡಾಸ್ ಲೈಬ್ರರಿ ಪಟ್ಟಿಯನ್ನು ಓದುವಾಗ ನಮೀಬಿಯದ ಸಂಕೇತ ‘ಎನ್‌ಎ’ಯನ್ನು ಮಾಹಿತಿ ಇಲ್ಲದ ಖಾನೆಯೆಂದು ಬಗೆಯುತ್ತದೆ. ಬೆಂಗಳೂರಿನ ದೂರವಾಣಿ ಸಂಕೇತ 080 ಲೆಕ್ಕದ ಹಾಳೆಯಲ್ಲಿ 80 ಆಗುವುದನ್ನು ಯಾವ ಕಚೇರಿಯಲ್ಲಿ ಬೇಕಾದರೂ ನೋಡಬಹುದು. 2009ಕ್ಕೆ ಮುಂಚಿನ ಜಾವಾಸ್ಕ್ರಿಪ್ಟ್ ಮಾನಕವಂತೂ ಸೊನ್ನೆಯಿಂದ ಶುರುವಾಗುವ ಪಠ್ಯವನ್ನು ಎಂಟರ ಮೂಲದ ಸಂಖ್ಯೆ ಎಂದು ಓದಲು ಬ್ರೌಸರ್‌ಗಳಿಗೆ ಅವಕಾಶ ಕೊಟ್ಟಿತ್ತು. ಎಂಟರ ಮೂಲದಲ್ಲಿ 8 ಎಂಬ ಅಂಕಿ ಇಲ್ಲವಾದ್ದರಿಂದ ಅಂಥ ಬ್ರೌಸರ್‌ಗಳಲ್ಲಿ 080 ಓದಿದರೆ ಸಿಗುತ್ತಿದ್ದುದು 0. ಮೈಸೂರಿನ 0821, ಮಂಗಳೂರಿನ 0824 ಕೂಡ 0. ತಾರೀಕಿನಲ್ಲಿ 08, 09 ಬರೆದವರಿಗೆ ಆಗಸ್ಟ್, ಸೆಪ್ಟೆಂಬರ್ ಬಂದಾಗ ಮಾತ್ರ ಕೈಕೊಡುವ ದೋಷ ಇದರ ಕೊಡುಗೆ.

ಪಿಎಚ್‌ಪಿ ಭಾಷೆಯಲ್ಲಿ ಇದು ಭದ್ರತೆಯ ಪ್ರಶ್ನೆಯೇ ಆಯಿತು. ಅದರ ಸಡಿಲ ಹೋಲಿಕೆಯ ಚಿಹ್ನೆ ಎರಡು ಪಠ್ಯಗಳೂ ಸಂಖ್ಯೆಯಂತೆ ಕಂಡರೆ ಸಂಖ್ಯೆಗಳಾಗಿಯೇ ಹೋಲಿಸುತ್ತದೆ. ಪಾಸ್‌ವರ್ಡನ್ನು ಕಲಸಿ ಬರುವ ಉದ್ದನೆಯ ಗುಪ್ತಸಾಲು ಅಪರೂಪಕ್ಕೊಮ್ಮೆ ಸೊನ್ನೆ, ನಂತರ ‘ಇ’ ಎಂಬ ಅಕ್ಷರ, ನಂತರ ಬರೀ ಅಂಕಿಗಳು ಎಂಬ ರೂಪದಲ್ಲಿರುತ್ತದೆ. ವೈಜ್ಞಾನಿಕ ಬರವಣಿಗೆಯಲ್ಲಿ ಅದರ ಅರ್ಥ ಸೊನ್ನೆಯನ್ನು ಹತ್ತರ ಯಾವುದೋ ಘಾತದಿಂದ ಗುಣಿಸಿದ್ದು, ಅಂದರೆ ಸೊನ್ನೆಯೇ. ಎಂಡಿ5 ವಿಧಾನದಲ್ಲಿ 240610708 ಎಂಬ ಪಠ್ಯ ಇಂಥ ಸಾಲನ್ನು ಕೊಡುತ್ತದೆ. ಇದೇ ರೂಪದ ಇನ್ನೊಂದು ಗುಪ್ತಸಾಲಿನ ಜೊತೆ ಸಡಿಲ ಚಿಹ್ನೆಯಲ್ಲಿ ಹೋಲಿಸಿದರೆ ಸೊನ್ನೆಗೆ ಸೊನ್ನೆ ಸಮ, ಬಾಗಿಲು ತೆರೆಯಿತು. 2020ರ ಎಂಟನೇ ಆವೃತ್ತಿ ಸಂಖ್ಯೆಗೂ ಸಂಖ್ಯೆಯಲ್ಲದ ಪಠ್ಯಕ್ಕೂ ನಡೆಯುವ ಹೋಲಿಕೆಯನ್ನು ಸರಿಪಡಿಸಿತು, ಆದರೆ ಈ ಸೊನ್ನೆಗಳ ಸಮಸ್ಯೆಗೆ ಈಗಲೂ ಬಿಗಿ ಹೋಲಿಕೆಯೇ ಮದ್ದು.

ಕನ್ನಡಿಗರಿಗೆ ಈ ವಿಷಯ ಇನ್ನಷ್ಟು ಹತ್ತಿರ. ಪಠ್ಯ ಎಂದು ಒಳಗೆ ಬಿಟ್ಟುಕೊಂಡ ಮೇಲೂ ‘ಇದರಲ್ಲಿರುವುದೆಲ್ಲ ಅಕ್ಷರವೇ’, ‘ಎಲ್ಲ ಅಂಕಿಯೇ’ ಎಂಬ ಒಳಟೈಪಿನ ತಪಾಸಣೆ ನಡೆಯುತ್ತದೆ. ಹೆಸರಿನ ಖಾನೆಯಲ್ಲಿ ಅಂಕಿಯೋ ಆಶ್ಚರ್ಯಚಿಹ್ನೆಯೋ ಬಾರದಂತೆ ತಡೆಯಲು ಇದನ್ನು ಬಳಸುವವರಿದ್ದಾರೆ. ಪೈಥಾನಿನಲ್ಲಿ ‘ಮರ’ ಎಂಬ ಪದವನ್ನು ಹೀಗೆ ಕೇಳಿದರೆ, ಹೌದು, ಎಲ್ಲ ಅಕ್ಷರ. ‘ಮನೆ’ ಎಂದು ಕೇಳಿದರೆ, ಅಲ್ಲ! ಯುನಿಕೋಡ್‌ನ ವರ್ಗೀಕರಣದಲ್ಲಿ ಮ, ನ ಅಕ್ಷರಗಳು. ಎತ್ವ ಅಕ್ಷರವಲ್ಲ, ಅಕ್ಷರಕ್ಕೆ ತಗುಲಿಕೊಳ್ಳುವ ಗುರುತು. ಒತ್ತಕ್ಷರ ಹುಟ್ಟಿಸುವ ಅರ್ಧಾಕ್ಷರ ಚಿಹ್ನೆಯೂ ಹಾಗೆಯೇ. ವರ್ಗೀಕರಣ ಸುಳ್ಳೇನಲ್ಲ. ಎತ್ವ ತಾನಾಗಿ ನಿಲ್ಲಲಾರದು. ಆದರೆ ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು, ಪ್ರತಿ ಸಂಕೇತವೂ ಅಕ್ಷರವೇ ಆಗಿರಬೇಕು ಎಂದು ಬರೆದ ಫಂಕ್ಷನ್ ನಮ್ಮ ಹೆಸರುಗಳಲ್ಲಿ ಬಹುಪಾಲನ್ನು ಹೆಸರೇ ಅಲ್ಲ ಎನ್ನುತ್ತದೆ. ‘ಕನ್ನಡ’ ಎಂಬ ಪದವೇ ಈ ಪರೀಕ್ಷೆಯಲ್ಲಿ ನಪಾಸು.

ಪದಗಳನ್ನು ಹೆಕ್ಕುವ ವಿನ್ಯಾಸಗಳಲ್ಲೂ ಇದೇ ಗತಿ. ಪೈಥಾನ್ ಜೊತೆಗೇ ಬರುವ ಹುಡುಕಾಟದ ಸಾಧನ ‘ಮನೆ’ಯನ್ನು ಪದವಾಗಿ ಹೆಕ್ಕು ಎಂದರೆ ‘ಮನ’ ಎಂದು ತುಂಡರಿಸಿ ಕೊಡುತ್ತದೆ. ಪರ್ಲ್ ಭಾಷೆ ಗುರುತುಗಳನ್ನೂ ಪದದ ಭಾಗವೆಂದೇ ಪರಿಗಣಿಸುತ್ತದೆ, ಅಲ್ಲಿ ‘ಮನೆ’ ಇಡಿಯಾಗಿ ಸಿಗುತ್ತದೆ. ಉದ್ದದ ಪ್ರಶ್ನೆಯೂ ಇದರ ಬೆನ್ನಿಗೇ ಇದೆ: ‘ಕನ್ನಡ’ ನಾವು ಓದುವಾಗ ಮೂರು ಅಕ್ಷರ, ಜಾವಾಸ್ಕ್ರಿಪ್ಟಿನ ಎಣಿಕೆಯಲ್ಲಿ ಐದು, ಯುಟಿಎಫ್-8 ಬೈಟ್‌ಗಳಲ್ಲಿ ಹದಿನೈದು. ಐದು ಸ್ಥಾನಕ್ಕೆ ತುಂಬು ಎಂದರೆ ಲೆಫ್ಟ್-ಪ್ಯಾಡ್ ಏನನ್ನೂ ತುಂಬುವುದಿಲ್ಲ.

ಅಂಕಿಗಳ ವಿಷಯದಲ್ಲಿ ಪೈಥಾನ್ ನಮ್ಮ ಕಡೆಗಿದೆ. ೧೨೩ ಎಂಬ ಪಠ್ಯವನ್ನು ಸಂಖ್ಯೆಯಾಗಿಸು ಎಂದರೆ ಸಲೀಸಾಗಿ 123 ಎನ್ನುತ್ತದೆ. ಜಾವಾಸ್ಕ್ರಿಪ್ಟ್ ‘ಸಂಖ್ಯೆಯಲ್ಲದ್ದು’ ಎನ್ನುತ್ತದೆ. ಅಪಾಚಿ ಕಾಮನ್ಸ್‌ನ ‘ಇದು ಅಂಕಿಗಳೇ’ ಎಂಬ ಫಂಕ್ಷನ್ನಿನ ಕೈಪಿಡಿಯಲ್ಲಿ ದೇವನಾಗರಿಯ ಒಂದು ಎರಡು ಮೂರನ್ನು ಉದಾಹರಣೆಯಾಗಿ ಕೊಟ್ಟು ‘ಹೌದು’ ಎಂದು ಬರೆದಿದೆ. ಕನ್ನಡದ ಅಂಕಿಗಳಿಗೂ ಅದೇ ಉತ್ತರ. ಆದರೆ ಅದೇ ಲೈಬ್ರರಿಯ ‘ಇದು ಅಕ್ಷರಗಳೇ’ ಫಂಕ್ಷನ್ನಿಗೆ ‘ಮನೆ’ ನಪಾಸು. ಅಂಕಿಗೆ ಉದಾರ, ಅಕ್ಷರಕ್ಕೆ ಜಿಪುಣ. ಅದರ ಮೂರನೇ ಆವೃತ್ತಿಯಲ್ಲಿ ಇನ್ನೊಂದು ತಮಾಷೆಯ ತಿದ್ದುಪಡಿ ಆಗಿದೆ: ಒಂದೂ ಅಕ್ಷರವಿಲ್ಲದ ಖಾಲಿ ಸ್ಟ್ರಿಂಗ್ ‘ಅಂಕಿಗಳೇ’ ಎಂಬ ಪ್ರಶ್ನೆಗೆ ಮೊದಲು ಉತ್ತರ ಹೌದು ಎಂದಿತ್ತು, ಈಗ ಅಲ್ಲ. ತರ್ಕಶಾಸ್ತ್ರದ ಪ್ರಕಾರ ಮೊದಲಿನದೇ ಸರಿ, ವ್ಯವಹಾರಕ್ಕೆ ಎರಡನೆಯದು.

ಈ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಗಾಳಿ ಬಿಗಿಯ ಕಡೆಗೆ ತಿರುಗಿದೆ. ಟೈಪು ಬರೆದ ಭಾಗವನ್ನು ಮೊದಲೇ ಪರೀಕ್ಷಿಸಿ, ಬರೆಯದ ಭಾಗವನ್ನು ಓಡುವಾಗ ನೋಡಿಕೊಂಡು, ಎರಡನ್ನೂ ಒಂದೇ ಭಾಷೆಯಲ್ಲಿ ಇರಗೊಡುವ ಕ್ರಮವನ್ನು ಜೆರೆಮಿ ಸೀಕ್ ಮತ್ತು ವಾಲಿದ್ ತಾಹಾ 2006ರಲ್ಲಿ ಸಿದ್ಧಾಂತವಾಗಿ ಮಂಡಿಸಿದರು. 2012ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಟೈಪ್‌ಸ್ಕ್ರಿಪ್ಟ್‌ನಲ್ಲಿ ‘ಸ್ಟ್ರಿಂಗ್ ಅಥವಾ ಸಂಖ್ಯೆ’ ಎಂದು ಫಂಕ್ಷನ್ನಿನ ಹಣೆಯಲ್ಲೇ ಬರೆಯಬಹುದು. 2016ರಿಂದ ಬೇಕೆಂದವರಿಗೆ ನಲ್ಲನ್ನು ಅಲ್ಲಿ ಸೇರಿಸಿ ಹೇಳದ ಹೊರತು ಒಳಗೆ ಬಿಡದ ಕಾವಲೂ ಸಿಕ್ಕಿತು. ಪಿಎಚ್‌ಪಿ 2021ರಿಂದ, ಉದ್ದ ಅಳೆಯುವ ಫಂಕ್ಷನ್ನಿಗೆ ನಲ್ ಕಳಿಸಿದರೆ ಎಚ್ಚರಿಕೆ ಕೊಡಲು ಶುರುಮಾಡಿತು. ಪೈಥಾನಿಗೆ ಟೈಪ್ ಸೂಚನೆಗಳು 2015ರಲ್ಲಿ ಬಂದವು.

ಆದರೆ ಪೈಥಾನಿನ ಸ್ಟ್ರಿಂಗ್ ಒಂದು ಹೊಸ ಚೇಷ್ಟೆ ತೆಗೆದಿಟ್ಟಿದೆ. ಅಲ್ಲಿ ಒಂಟಿ ಅಕ್ಷರಕ್ಕೆ ಬೇರೆ ಟೈಪಿಲ್ಲ. ಸ್ಟ್ರಿಂಗ್ ಎಂದರೆ ಪುಟ್ಟ ಸ್ಟ್ರಿಂಗ್‌ಗಳ ಸಾಲು, ಅವುಗಳ ಒಳಗೂ ಸ್ಟ್ರಿಂಗ್‌ಗಳು, ಅಗೆದಷ್ಟೂ ಅದೇ. ‘ನನಗೆ ಸ್ಟ್ರಿಂಗ್‌ಗಳ ಸಾಲು ಬೇಕು, ಪ್ರತಿಯೊಂದಕ್ಕೂ ಇಮೇಲ್ ಕಳಿಸುತ್ತೇನೆ’ ಎಂದು ಬರೆದ ಫಂಕ್ಷನ್ನಿಗೆ ಪಟ್ಟಿಯ ಬದಲು ಒಂದೇ ವಿಳಾಸ ಕೊಟ್ಟರೆ, ಅದು ಆ ವಿಳಾಸದ ಒಂದೊಂದು ಅಕ್ಷರಕ್ಕೂ ಪತ್ರ ಬರೆಯಲು ಹೊರಡುತ್ತದೆ. ಟೈಪು ಬರೆದಿದ್ದರೂ ಉಪಯೋಗವಿಲ್ಲ, ಏಕೆಂದರೆ ನಿಯಮದ ಪ್ರಕಾರ ಅದು ಸರಿಯಾಗಿದೆ. ಮೈಪೈ ಎಂಬ ಹೆಸರಾಂತ ಪರೀಕ್ಷಕ ಇದನ್ನು ಸುಮ್ಮನೆ ಒಳಗೆ ಬಿಡುತ್ತದೆ. ಗೂಗಲ್‌ನವರು ಕಟ್ಟಿದ ಪೈಟೈಪ್ ಎಂಬ ಪರೀಕ್ಷಕ ಬೇಕೆಂದೇ ನಿಯಮ ಮುರಿದು, ಸ್ಟ್ರಿಂಗ್‌ಗಳ ಸಾಲು ಕೇಳಿದ ಕಡೆ ಒಂಟಿ ಸ್ಟ್ರಿಂಗ್ ಬಂದರೆ ದೋಷ ಎನ್ನುತ್ತದೆ. ಒಂದೇ ಭಾಷೆಯ ಒಂದೇ ಕೋಡು, ಒಬ್ಬ ಪರೀಕ್ಷಕನ ಮುಂದೆ ಪಾಸು, ಇನ್ನೊಬ್ಬನ ಮುಂದೆ ಫೇಲು. ಹಾಗಾಗಿ ಪ್ರೋಗ್ರಾಮರ್ ಈಗಲೂ ತನ್ನ ಫಂಕ್ಷನ್ನಿನ ಬಾಗಿಲಲ್ಲಿ, ಬಂದಿರುವುದು ಒಂಟಿ ಸ್ಟ್ರಿಂಗೋ ಎಂದು ಕೇಳುವ ಒಂದು ಸಾಲನ್ನು ಕೈಯಾರೆ ಬರೆಯುತ್ತಾನೆ.